ಭಾವನ ಹದಿಮೂರು ಸೈಕಲ್ಲುಗಳು

ನಮ್ಮ ಭಾವನ ಮನೆಯಲ್ಲಿ ಹದಿಮೂರು ಸೈಕಲ್ಲುಗಳಿದ್ದವು. ಆ ಮನೆಯವರು ಎಲ್ಲಿಗೆ ಹೋಗುವುದಿದ್ದರೂ ನಡೆದೇ ಹೋಗುತ್ತಿದ್ದರು.

ನಾಲ್ಕು ಸೈಕಲ್ಲು ನಡುಮನೆಯ ಗೋಡೆಯಲ್ಲಿ ನೇತಾಡುತ್ತಿದ್ದವು, ಮೂರು ಮಂಚದ ತಲೆದೆಸೆಗೆ ಒರಗಿದ್ದವು, ಉಳಿದವು ಹಿತ್ತಿಲ ಶೆಡ್ಡಿನಲ್ಲಿ ಹಳೆಯ ಬೆಡ್‌ಶೀಟು ಹೊದ್ದು ನಿಂತಿದ್ದವು. ಬಂದ ನೆಂಟರು ಹ್ಯಾಂಡಲ್ಲಿಗೆ ತಲೆ ಬಡಿಸಿಕೊಂಡು "ಅಯ್ಯೋ" ಎಂದರೆ ಭಾವ ಓಡಿಬಂದು ಹ್ಯಾಂಡಲ್ಲನ್ನು ಒರೆಸುತ್ತಿದ್ದರು. ಅಡುಗೆಮನೆಯ ಬಟ್ಟಲೊಂದರಲ್ಲಿ ಸದಾ ನಟ್ಟು ಬೋಲ್ಟುಗಳು ಸೀಮೆಎಣ್ಣೆಯಲ್ಲಿ ನೆನೆಯುತ್ತಿರುತ್ತಿದ್ದವು. ಅಕ್ಕ ಏನೋ ಬೇಳೆ ನೆನೆಹಾಕಿದ್ದಾಳೆ ಅಂತ ನಾನೊಮ್ಮೆ ಕೈಯನ್ನೇ ಹಾಕಿದ್ದೇನೆ.

ಭಾವನದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ಪುಸ್ತಕ ಅಚ್ಚಾಗುವ ಮೊದಲು ತಪ್ಪು ಹುಡುಕಿ ಗುರುತು ಹಾಕಬೇಕು. ಅಲ್ಲಿ ಅವರನ್ನು 'ಕೆಂಪು ಪೆನ್ನು' ಎಂದೇ ಕರೆಯುತ್ತಾರೆ. ಮದುವೆಯ ಕಾಗದ ಕೈಗೆ ಕೊಟ್ಟರೆ ಮೊದಲು ಅಲ್ಪವಿರಾಮ ಸರಿಯಿದೆಯೇ ನೋಡಿ, ಆಮೇಲೆ ಮದುವೆ ಯಾರದೆಂದು ಕೇಳುವ ಆಸಾಮಿ. ದಿನವಿಡೀ ಊರವರ ತಪ್ಪು ತಿದ್ದಿದ್ದು ಸಾಲದೆ ಮನೆಗೆ ಬಂದು ತುಕ್ಕಿನ ಹಿಂದೆ ಬೀಳುತ್ತಿದ್ದರು.

ಸುಳ್ಳು ಯಾಕೆ ಹೇಳಲಿ, ಕೆಲಸ ಮಾತ್ರ ಅಚ್ಚುಕಟ್ಟು. ಗುಜರಿಯವನೂ ಮುಟ್ಟದ ಸೈಕಲ್ಲನ್ನು ತಂದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಡ್ಡಿ ಕಡ್ಡಿಯನ್ನೂ ಉಜ್ಜಿ, ಬೇರಿಂಗಿನ ಗುಂಡುಗಳನ್ನು ಬಿಳಿ ಬಟ್ಟೆಯ ಮೇಲೆ ಎಣಿಸಿಟ್ಟು, ಕೊನೆಗೆ ಚಕ್ರ ಕೂರಿಸಿ ಒಂದೇ ಬೆರಳಲ್ಲಿ ತಿರುಗಿಸಿ ಬಿಡುತ್ತಾರೆ. ಅದು ಚೂರೂ ಓಲಾಡದೆ, ಸದ್ದಿಲ್ಲದೆ ತಿರುಗುತ್ತಲೇ ಇರುತ್ತದೆ. ಆಗ ಅವರ ಮುಖ ನೋಡಬೇಕು, ಹೊಟ್ಟೆ ತುಂಬಿದ ಕೂಸಿನ ಮುಖ. ನನಗೂ ಆ ಗಳಿಗೆಯಲ್ಲಿ ಅವರ ಮೇಲೆ ಪ್ರೀತಿ ಉಕ್ಕುತ್ತದೆ. "ಒಂದು ಸುತ್ತು ಓಡಿಸಿ ನೋಡಲ್ವಾ ಭಾವ?" ಎಂದು ಕೇಳಿದರೆ, "ರಸ್ತೇಲಿ ಧೂಳಿರುತ್ತಲ್ಲೋ!" ಎಂದು ಅದರ ಮೇಲೆ ಬೆಡ್‌ಶೀಟು ಎಳೆಯುತ್ತಾರೆ. ನನ್ನ ಪ್ರೀತಿ ಅಲ್ಲಿಗೆ ಇಳಿಯುತ್ತದೆ.

ಹದಿಮೂರನೆಯದು ನನ್ನ ಅಕ್ಕನದು, ಒಂದು ಕಾಲಕ್ಕೆ ಆ ಮನೆಯಲ್ಲಿ ರಸ್ತೆ ಕಂಡದ್ದು ಅದೊಂದೇ. ಅಕ್ಕ ಆರೋಗ್ಯ ಕೇಂದ್ರದ ನರ್ಸು. ಹಾಸಿಗೆ ಬಿಟ್ಟೇಳಲಾಗದ ಮುದುಕ ಮುದುಕಿಯರ ಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು, ಸೊಸೆಯಂದಿರ ಮೇಲಿನ ದೂರು ಕೇಳಿಸಿಕೊಂಡು ಬರುವುದು ಅವಳ ಕೆಲಸ. ಆ ತಿರುಗಾಟವೆಂದರೆ ಅವಳಿಗೆ ಪ್ರಾಣ. ಆದರೆ ಅಕ್ಕ ಕುಳ್ಳಿ. ಸೀಟು ಪೂರ್ತಿ ಇಳಿಸಿದರೂ ಕಾಲು ಎಟುಕುವುದಿಲ್ಲವೆಂದು ಪೆಡಲ್ಲುಗಳಿಗೆ ಮರದ ತುಂಡು ಕಟ್ಟಿಸಿಕೊಂಡು ಹತ್ತೊಂಬತ್ತು ವರ್ಷ ಓಡಿಸಿದ್ದಳು. ಒಂದು ದಿನ ಬ್ರೇಕು ಸಡಿಲವಾಯಿತು. ಮನೆಯಲ್ಲೇ ಇಂಥ ಗಂಡನಿರುವಾಗ ಬೀದಿ ಅಂಗಡಿಗೇಕೆ ಎಂದು ಅವರ ಕೈಗೇ ಕೊಟ್ಟಳು. ಬುದ್ಧಿ ಎಲ್ಲಿಟ್ಟಿದ್ದಳೋ!

ಭಾವ ಬ್ರೇಕು ನೋಡಲು ಚಕ್ರ ಬಿಚ್ಚಿದರು. ಚಕ್ರದಲ್ಲಿ ತುಕ್ಕು ಕಂಡಿತು, ಕಡ್ಡಿ ಬಿಚ್ಚಿದರು. ಕಡ್ಡಿ ಹೊಳೆದ ಮೇಲೆ ಮಡ್‌ಗಾರ್ಡು ಮಂಕಾಗಿ ಕಂಡಿತು, ಅದನ್ನೂ ಬಿಚ್ಚಿದರು. ವಾರದೊಳಗೆ ಸೈಕಲ್ಲಿದ್ದ ಜಾಗದಲ್ಲಿ ಡಬ್ಬಗಳ ಸಾಲು.

"ಆಯ್ತೇನ್ರೀ?"

"ಇನ್ನೇನು, ಮುಂದಿನ ವಾರ."

ಹನ್ನೊಂದು ತಿಂಗಳು ಅದೇ ಮಾತು. ಉಳಿದ ಹನ್ನೆರಡೂ ಅಡ್ಡಪಟ್ಟಿಯಿರುವ ಗಂಡಸರ ಸೈಕಲ್ಲು, ಅವಳಿಂದ ಹತ್ತಲಾಗದು. ಹೊಸದು ಕೊಳ್ಳೋಣವೆಂದರೆ ಮುಂದಿನ ವಾರ ಆಗಿಯೇಬಿಡುತ್ತದಲ್ಲ! ಅಕ್ಕ ನಡೆದಳು. ಮಂಡಿ ಊದಿತು. ಎಂಟು ಗಂಟೆಯ ಇಂಜೆಕ್ಷನ್ ಹತ್ತಕ್ಕೆ ಮುಟ್ಟತೊಡಗಿತು, ದೂರು ಹೋಯಿತು. ಕೊನೆಗೆ ಕೇಂದ್ರದ ಮೇಲ್ವಿಚಾರಕಿ ಕರೆದು, "ಒಂದನೇ ತಾರೀಖಿಗೆ ಸೈಕಲ್ ತಂದ್ರೆ ಸರಿ. ಇಲ್ಲಾಂದ್ರೆ ನಿಮ್ಮನ್ನ ಔಷಧಿ ಸ್ಟೋರಿಗೆ ಹಾಕ್ತೀನಿ, ಸುತ್ತೋ ಕೆಲಸ ಬೇರೆಯವರಿಗೆ" ಎಂದರು.

ಅಕ್ಕ ನನ್ನ ಅಂಗಡಿಗೆ ಬಂದು ಹೊಲಿಗೆ ಮೆಷಿನ್ನಿನ ಪಕ್ಕ ಕೂತು ಅತ್ತಳು. "ಕಿಟಕಿಯಿಲ್ಲದ ಕೋಣೇಲಿ ಡಬ್ಬ ಜೋಡಿಸ್ಕೊಂಡು ಕೂರ್ಬೇಕಂತೆ ಕಣೋ." ನನ್ನ ಮೈ ಉರಿದುಹೋಯಿತು. ನೆಟ್ಟಗೆ ಭಾವನ ಮನೆಗೆ ಹೋಗಿ, ಒಂದನೇ ತಾರೀಖು ಬೆಳಿಗ್ಗೆ ಸೈಕಲ್ ಹೊರಗೆ ನಿಲ್ಲದಿದ್ದರೆ ಹನ್ನೆರಡನ್ನೂ ಗುಜರಿಗೆ ಎತ್ತಿಸುತ್ತೇನೆಂದು ಹೇಳಿ ಬಂದೆ.

ನಿಂತಿತ್ತು. ಕಡುಗಪ್ಪು ಬಣ್ಣ, ಅದರ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಬಂಗಾರದ ಗೆರೆ. ಅಕ್ಕ ಒಂದು ಸುತ್ತು ಬಂದು ಹ್ಯಾಂಡಲ್ಲು ಸವರಿದಳು. ಹನ್ನೊಂದು ತಿಂಗಳ ಸಿಟ್ಟು ಅವಳ ಮುಖದಿಂದ ಇಳಿದದ್ದನ್ನು ನಾನೇ ನೋಡಿದೆ. ಬ್ಯಾಗು ನೇತುಹಾಕಿ ಸೀಟಿನ ಮೇಲೆ ಕೂತಳು. ಕಾಲು ಗಾಳಿಯಲ್ಲಿ ಆಡಿತು.

"ಮರದ ತುಂಡು ಎಲ್ರೀ?"

"ಅದಾ? ಅದು ಕಂಪನಿಯಿಂದ ಬಂದದ್ದಲ್ವಲ್ಲೇ. ಯಾರೋ ಆಮೇಲೆ ಕಟ್ಟಿದ್ದು. ತೆಗೆದು ಎಸೆದೆ."

"ನನ್ನ ಕಾಲು ಎಟುಕ್ಬೇಡ್ವಾ?"

ಭಾವ ಸೈಕಲ್ಲನ್ನು ನೋಡಿದರು, ಅಕ್ಕನ ಕಾಲು ನೋಡಿದರು. ಆಣೆಗೂ ಹೇಳುತ್ತೇನೆ, ತಪ್ಪು ಇರುವುದು ಕಾಲಿನಲ್ಲೇ ಎಂಬಂತೆ ಅವರ ಕೈ ಜೇಬಿನ ಪೆನ್ನಿನ ಕಡೆಗೆ ಹೋಯಿತು.

ನಾನು ದರ್ಜಿ. ಅಂಗಿ ಬಿಗಿಯಾದರೆ ಅಂಗಿಯ ಹೊಲಿಗೆ ಬಿಚ್ಚುತ್ತೇನೆ, ಹೊಟ್ಟೆ ಕೊಯ್ಯುವುದಿಲ್ಲ. ಎರಡು ಮನೆಯಾಚೆಯ ನನ್ನ ಅಂಗಡಿಗೆ ಓಡಿ, ಇಸ್ತ್ರಿ ಮಾಡುವಾಗ ಹೊಲಿಗೆ ಒತ್ತುವ ಮರದ ದಿಮ್ಮಿಯನ್ನೂ ಗರಗಸವನ್ನೂ ತಂದು, ದಿಮ್ಮಿಯನ್ನು ನಾಲ್ಕು ತುಂಡು ಮಾಡಿ, ಕೋಟಿನ ಕಾಲರಿಗೆ ಹಾಕುವ ಕ್ಯಾನ್‌ವಾಸ್ ಪಟ್ಟಿಯಲ್ಲಿ ಪೆಡಲ್ಲಿಗೆ ಬಿಗಿದು ಕಟ್ಟಿದೆ. ಅವಸರದಲ್ಲಿ ಗರಗಸದ ತುದಿ ಬಂಗಾರದ ಗೆರೆಗೆ ತಾಗಿತು.

"ಪೇಂಟು ಕಣಯ್ಯಾ, ಪೇಂಟು!" ಭಾವ ಕಣ್ಣು ಮುಚ್ಚಿಕೊಂಡರು.

ಅವರು ಕಣ್ಣು ಬಿಡುವಷ್ಟರಲ್ಲಿ ಅಕ್ಕ ಬೀದಿಯ ತಿರುವು ದಾಟಿದ್ದಳು. ಎಂಟು ಗಂಟೆಯ ಇಂಜೆಕ್ಷನ್ ಎಂಟಕ್ಕೇ ಆಯಿತು.

ಸಂಜೆ ಅವಳು ಸೈಕಲ್ಲನ್ನು ಮನೆಗೆ ಒಯ್ಯಲಿಲ್ಲ, ನನ್ನ ಅಂಗಡಿಯೊಳಗೆ ತಂದು ನಿಲ್ಲಿಸಿದಳು. "ಇಲ್ಲೇ ಇರ್ಲಿ ಕಣೋ. ಆ ಗೀರು ಕಣ್ಣಿಗೆ ಬಿದ್ರೆ ಮತ್ತೆ ಬಿಚ್ಕೊಂಡು ಕೂತ್ಕೋತಾರೆ" ಎಂದು ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಹದಿಮೂರು ಹನ್ನೆರಡಾಯಿತು.

ಭಾವ ಅಂದಿನಿಂದ ನನ್ನಲ್ಲಿ ಅಂಗಿ ಹೊಲಿಸಲು ಶುರು ಮಾಡಿದ್ದಾರೆ. ಇದು ಮೂರನೆಯದು. ಅಳತೆ ತೆಗೆಯುವಷ್ಟು ಹೊತ್ತೂ ಕಣ್ಣು ಮೂಲೆಯ ಸೈಕಲ್ಲಿನ ಮೇಲೆ. ನಿನ್ನೆ ಟೇಪು ಕತ್ತಿನಲ್ಲಿರುವಾಗಲೇ ಬಗ್ಗಿ ಪೆಡಲ್ಲು ನೋಡಿದರು. ಮರದ ತುಂಡಿನಲ್ಲಿ ಅಕ್ಕನ ಪಾದ ಊರುವ ಕಡೆ ಸಣ್ಣ ಗುಳಿ ಬಿದ್ದಿತ್ತು.

"ಇದೇನೋ, ಆಗ್ಲೇ ಸವೆದಿದೆ?"

"ಓಡಿಸಿದ್ರೆ ಸವೆಯುತ್ತೆ ಭಾವ."

ಅವರು ಆ ಗುಳಿಯ ಮೇಲೆ ಬೆರಳಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತರು, ಕೈ ಜೇಬಿನ ಪೆನ್ನಿನ ಕಡೆಗೆ ಹೋಗಲಿಲ್ಲ. ಅಳತೆ ಅರ್ಧಕ್ಕೇ ನಿಂತಿತು.