ಕಾಪುವಿನ ಉದ್ದಬಾಲದ ಹುಳ

ಮಾಲು ಮೇಲ್ನೋಟಕ್ಕೆ ಗಿರಾಕಿ ಎಳೆಯುವಂಥದ್ದಲ್ಲ: ಸಣಕಲು ಮೈ, ದಪ್ಪ ಕನ್ನಡಕ, ಬಿಸಿಲಿಗೆ ಬಣ್ಣ ಬಿಟ್ಟ ಕೊಡೆ. ಆದರೆ ನೇಯ್ಗೆ ಗಟ್ಟಿ, ಎಳೆದರೆ ಹರಿಯುವುದಲ್ಲ. ಕಾರ್ಕಳದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಇಮೆಲ್ಡಾ ಟೀಚರನ್ನು ಕಾಪುವಿನ ಬಟ್ಟೆ ವ್ಯಾಪಾರಿಗಳಾದ ನಾವು 1978ರಲ್ಲಿ ಅಳೆದದ್ದು ಹೀಗೆ.

ಅವರು ಹುಡುಕುತ್ತಿದ್ದದ್ದು ಬೆಳ್ಳಿಹುಳವನ್ನು. ಪುಸ್ತಕ, ಗಂಜಿ ಹಾಕಿದ ಬಟ್ಟೆ ತಿನ್ನುವ, ರೆಕ್ಕೆಯಿಲ್ಲದ, ಮೂರು ಬಾಲದ ಹುಳ. ಅದರಲ್ಲೂ ಜಾತಿಗಳುಂಟು. ಮಾಮೂಲಿಯದಕ್ಕೆ ಬಾಲ ಗಿಡ್ಡ. ಇನ್ನೊಂದಕ್ಕೆ ಬಾಲ ಮೈಯಷ್ಟೇ ಉದ್ದ, ಮೈಮೇಲಿನ ರೋಮ ಬಾಚಣಿಗೆಯ ಹಲ್ಲಿನಂತೆ ಸಾಲುಸಾಲು. ಕಡಲ ಬದಿಯ ನಮ್ಮ ಕಾಪುವಿನಲ್ಲಿ ಕೊಂಡ ಮುಂಡಿನಿಂದ, ಅಂದರೆ ಪಂಚೆಯಿಂದ, ಅಂಥದ್ದೊಂದು ತಪ್ಪಿಸಿಕೊಂಡು ಓಡಿದ್ದನ್ನು ಕಂಡ ಟೀಚರ್, ಉದ್ದಬಾಲದ್ದು ಕಾರ್ಕಳದಿಂದ ಕಡಲಿನವರೆಗೂ ಉಂಟೆಂದು ಲೇಖನ ಬರೆದರು. ಕಡಲ ಬದಿಯ ಹುಳವನ್ನು ಕಣ್ಣಿಗೆ ತೋರಿಸದೆ ಲೇಖನ ಅಚ್ಚಾಗದು ಎಂದರು ಅದನ್ನು ಪರಿಶೀಲಿಸಿದ ಮದರಾಸಿನ ಪಂಡಿತರೊಬ್ಬರು.

ತೋರಿಸುವುದೆಲ್ಲಿಂದ? ಕಾರ್ಕಳದಲ್ಲಿ ಟೀಚರ್ ಮನೆಮನೆಗೆ ಹೋಗಿದ್ದರು. ಮನೆಯವರಿಗೆ ಮಾರುವುದೇನೂ ಇರಲಿಲ್ಲ, ನಿಜ ಹೇಳಿದ್ದರು. ಅಂಗಡಿಯಲ್ಲಿ ಹುಳ ಉಂಟೆಂದು ಒಪ್ಪುವ ಬಟ್ಟೆ ವ್ಯಾಪಾರಿ ಮಾತ್ರ ಇನ್ನೂ ಹುಟ್ಟಬೇಕು.

"ನಮ್ಮಲ್ಲಿ ಎಂತ ಹುಳವೂ ಇಲ್ಲ, ಬಾಯಮ್ಮ" ಎಂದು ನಮ್ಮ ಬೀದಿಯ ಬಟ್ಟೆ ಅಂಗಡಿಯ ಮೂಸಾ ಸಾಯ್ಬರು ಎದೆ ಮುಟ್ಟಿಕೊಂಡು ಹೇಳಿದರು. ಬೀದಿಯುದ್ದಕ್ಕೂ ಅದೇ ಉತ್ತರ. ಹೀಗಾಗಿ ನಕ್ಷೆಯಲ್ಲಿ ಹುಳವೆಲ್ಲ ಕಾರ್ಕಳದ ಪಾಲಿಗೆ, ಕಾಪು ಚೊಕ್ಕಟ.

ಮರುವಾರ ಟೀಚರ್ ಪ್ರಶ್ನೆಯನ್ನೇ ತಿರುಗಿಸಿದರು. "ಸಾಯ್ಬರೇ, ನಿಮ್ಮಲ್ಲಿ ಇಲ್ಲ, ಅದು ಗೊತ್ತುಂಟು. ಪಕ್ಕದ ತಾರಾನಾಥರಲ್ಲಿ?"

ಸಾಯ್ಬರ ಮುಖ ಅರಳಿತು. "ಅಲ್ಲಿಯಾ? ರಾಶಿ ಉಂಟು!"

ಪಕ್ಕದಂಗಡಿಯಿಂದ ತಾರಾನಾಥ ಧಾವಿಸಿ ಬಂದ. "ನನ್ನಲ್ಲಿಯಾ? ನಿನ್ನ ಮುಂಡಿನ ಕಟ್ಟು ಬಿಚ್ಚು ಮಾರಾಯ, ನೋಡುವ!"

"ನೀನು ಮೊದಲು ಬಿಚ್ಚು!"

ಹಟಕ್ಕೆ ಇಬ್ಬರೂ ಬಿಚ್ಚಿದರು. ಗಂಜಿಮುಂಡುಗಳ ಮಡಿಕೆಗಳಿಂದ ಹುಳಗಳು ಮಿಂಚುತ್ತಾ ಓಡಿದವು. ಟೀಚರ್ ನೆಲಕ್ಕೇ ಕೂತು ಬಾಟಲಿಗೆ ಹಿಡಿದರು, ಭೂತಗನ್ನಡಿಯಿಟ್ಟು ನೋಡಿದರು, ಕೂಗಿದರು: "ಬಾಚಣಿಗೆ! ಉದ್ದಬಾಲ! ಎರಡೂ ಅಂಗಡಿಯಲ್ಲಿ!"

"ಅವನಲ್ಲಿ ಹೆಚ್ಚು, ಅಲ್ವಾ?" ಎಂದರು ಸಾಯ್ಬರು.

ಆಮೇಲೆ ಉಡುಪಿ, ಮಣಿಪಾಲದಲ್ಲೂ ಟೀಚರ್ ಪಕ್ಕದವನ ಅಂಗಡಿಯನ್ನೇ ವಿಚಾರಿಸುತ್ತಾ ನಡೆದರು. ಎಲ್ಲರೂ ಉತ್ಸಾಹದಿಂದ ಸಹಕರಿಸಿದರು. ಕಾರ್ಕಳದಿಂದ ಕಡಲಿನವರೆಗೆ ನಕ್ಷೆ ಚುಕ್ಕಿಗಳಿಂದ ತುಂಬಿತು. ಮದರಾಸಿನ ಪಂಡಿತರು ತಾವೇ ಕಾಪುವಿನಲ್ಲಿ ಬಸ್ಸಿಳಿದು, ತಾರಾನಾಥನ ಅಂಗಡಿಯಲ್ಲಿ ಮೊಣಕಾಲೂರಿ ಹುಳ ನೋಡಿ, ಟೀಚರ ಕೈ ಕುಲುಕಿದರು. ಲೇಖನ ಟೀಚರ ಹೆಸರಿನಲ್ಲೇ ಅಚ್ಚಾಯಿತು.

ಗಂಜಿಬಟ್ಟೆಯನ್ನು ಗೋಡೆಗೆ ತಾಗಿಸಿಡಬೇಡಿ, ಆಗಾಗ ಬಿಸಿಲಿಗೆ ಹಾಕಿ ಎಂದು ನನಗೆ ಕಲಿಸಿದವರು ಇಮೆಲ್ಡಾ ಟೀಚರ್. ನನ್ನ ಅಂಗಡಿಯ ಮುಂಡುಗಳು ತೂತಿಲ್ಲದೆ ಉಳಿದದ್ದು ಅವರಿಂದ.