ಚಿಗವ್ವನ ಹತ್ತಿರ ಉಳಿದ ಮೀನಿನುಂಗುರ

ಹೋದ ವಾರ ಇರಕಲ್ಲಗಡದ ಹತ್ತಿರ ನಮ್ಮ ಸ್ಕೂಟಿ ಪಂಕ್ಚರ್ ಆಯಿತು. ರಸ್ತೆ ಬದಿಯ ಅಂಗಡಿಯವನು ಟ್ಯೂಬಿಗೆ ತೇಪೆ ಇಟ್ಟು, ಕಾದ ಕಬ್ಬಿಣದ ನಡುವೆ ಒತ್ತಿ ಹಿಡಿದ. ಬೆಂದ ರಬ್ಬರಿನ ವಾಸನೆಗೆ ನನ್ನ ಮಗಳು ಮೂಗು ಮುಚ್ಚಿಕೊಂಡಳು. ನಾನೋ, ಹುಚ್ಚಿಯ ಹಾಗೆ ಇನ್ನಷ್ಟು ಹತ್ತಿರ ಹೋಗಿ ನಿಂತೆ. ಅದು ಗಂಗಾವತಿಯ ನಮ್ಮ ಪಕ್ಕದ ಮನೆಯ ವಾಸನೆ. ಪತ್ತಾರ ಚಿಗವ್ವನ ವಾಸನೆ...

ಸಂಬಂಧದಲ್ಲಿ ಅವಳು ನನಗೆ ಚಿಕ್ಕಮ್ಮನೇನಲ್ಲ, ಬಾಯಿತುಂಬ ಚಿಗವ್ವ ಅನ್ನುತ್ತಿದ್ದೆ ಅಷ್ಟೇ. ಅವಳ ಗಂಡ ಪತ್ತಾರ, ಬಂಗಾರ-ಬೆಳ್ಳಿ ಕೆಲಸದವನು. ಇವಳು ಮನೆಯಲ್ಲೇ ರಬ್ಬರಿನ ಅಚ್ಚು ಮಾಡುತ್ತಿದ್ದಳು. ಒಡವೆಯನ್ನು ಹಸಿ ರಬ್ಬರಿನ ಹಾಳೆಗಳ ನಡುವೆ ಇಟ್ಟು, ಕಬ್ಬಿಣದ ಚೌಕಟ್ಟಿನಲ್ಲಿ ತಿರುಪು ಬಿಗಿದು, ಸ್ಟೋವಿನ ಮೇಲೆ ಬೇಯಿಸುವಳು. ಆರಿದ ಮೇಲೆ ಬ್ಲೇಡಿನಿಂದ ಸೀಳುವಳು. ನೇರವಾಗಿ ಅಲ್ಲ, ಹಾವು ಹರಿದಂತೆ. ಎರಡು ಹೋಳು ಮತ್ತೆ ಜರುಗದೆ ಕೂಡಬೇಕಲ್ಲ! ಒಡವೆ ತೆಗೆದು, ಆ ಟೊಳ್ಳಿಗೆ ಮುಖದ ಪೌಡರ್ ಸವರಿ, ಕರಗಿದ ಮೇಣ ತುಂಬಿದರೆ ಮೇಣದ ಒಡವೆ ಸಿದ್ಧ. ಅದಕ್ಕೆ ಮಣ್ಣು ಮೆತ್ತಿ ಸುಟ್ಟು, ಮೇಣ ಕರಗಿಹೋದ ಜಾಗಕ್ಕೆ ಬೆಳ್ಳಿ ಎರೆಯುವುದು ಗಂಡನ ಕೆಲಸ.

ಕೊಪ್ಪಳ ಹೊಸದಾಗಿ ಜಿಲ್ಲೆಯಾದ ಕಾಲ. ನಾನು ಎಂಟನೇ ತರಗತಿ. ಅವ್ವನ ಪಾದದ ಮೇಲೆ ರುಬ್ಬುವ ಗುಂಡು ಬಿದ್ದು ಬೆರಳು ಬಾತಿದ್ದವು. ಕಾಲುಂಗುರ ತೆಗೆದು ಗೂಡಿನಲ್ಲಿಟ್ಟಿದ್ದಳು. ಮೀನಿನ ಆಕಾರದ, ಬಾಯಿ ಕೂಡಿದ, ಸಡಿಲಿಸಲು ಬಾರದ ಗಟ್ಟಿ ಉಂಗುರಗಳು, ಅವಳ ಮದುವೆಯವು. ಮದುವೆಯಾಗದವರು ಹಾಕಿಕೊಳ್ಳಬಾರದು ಅನ್ನುತ್ತಾರೆ, ಅದಕ್ಕೇ ನನಗೆ ಆಸೆ! ಹಾಕಿಕೊಂಡು ಕಾಲುವೆಗೆ ಬಟ್ಟೆ ಒಗೆಯಲು ಹೋದೆ. ನೀರಿನಿಂದ ಮೇಲೆ ಬಂದಾಗ ಒಂದೇ ಉಳಿದಿತ್ತು.

ಚಿಗವ್ವನ ಮುಂದೆ ಹೋಗಿ ಅತ್ತೆ. "ಮದಿವಿ ಅವಸರ ಭಾಳ ಐತೇನ ನಿನಗ?" ಎಂದು ನಕ್ಕಳು. ಆಮೇಲೆ ಉಂಗುರವನ್ನು ತಿರುಗಿಸಿ ನೋಡಿದಳು. "ಒಂದ ಮಾಡಿದ್ರ ಸಿಕ್ಕಿ ಬೀಳ್ತಿ. ಮೇಣ ಆರಿದ್ರ ಕುಗ್ತೈತಿ, ಹಳೇದಕ್ಕಿಂತ ಒಂದೀಟು ಸಣ್ಣ ಆಗ್ತೈತಿ. ಎರಡೂ ಹೊಸಾವ ಮಾಡೂಣು, ಜೋಡಿ ಹೊಂದ್ತಾವ." ಬೆಳ್ಳಿಗೆಂದು ತನ್ನದೇ ಮುರಿದ ಕಾಲ್ಗೆಜ್ಜೆಯನ್ನು ಕರಗಿಸಲು ಹಾಕಿದಳು.

ಹಳೆಯ ಉಂಗುರವನ್ನು ಮಾತ್ರ ಕೊಡಲಿಲ್ಲ. ಖಾಲಿ ಪೌಡರ್ ಡಬ್ಬಿಯಲ್ಲಿ ಹಾಕಿ ಮುಚ್ಚಿದಳು. "ಇದು ನನ್ನ ಕಡೆ ಇರ್ಲಿ. ನಿಮ್ಮವ್ವಗ ಖರೇ ಹೇಳಿದ ದಿನ ಬಂದು ಇಸ್ಕೊಂಡ ಹೋಗು."

ಹೊಸ ಜೋಡಿಯನ್ನು ಗುಟ್ಟಾಗಿ ಗೂಡಿನಲ್ಲಿಟ್ಟೆ. ಅವ್ವ ಅವನ್ನು ಹಾಕಿಕೊಂಡು, "ಬಾವು ಇನ್ನಾ ಇಳಿದಿಲ್ಲ ನೋಡು, ಬಿಗಿ ಆಗ್ಯಾವ" ಎಂದಳು. ಪಾಪ, ಆಮೇಲೂ ಬೆರಳಿಗೆ ಎಣ್ಣೆ ತಿಕ್ಕುತ್ತಲೇ ಇದ್ದಳು. ನೋಡಿದಾಗಲೆಲ್ಲ ನನಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ನಿಜ ಹೇಳಲು ಬಾಯಿ ಮಾತ್ರ ಬರುತ್ತಿರಲಿಲ್ಲ. ಚಿಗವ್ವ ಕಂಡಾಗಲೆಲ್ಲ ಹುಬ್ಬೇರಿಸಿ, "ಹೇಳಿದೇನ?" ಅನ್ನುವಳು. "ನಾಳೆ ಹೇಳ್ತೀನಿ ಚಿಗವ್ವಾ" ಅನ್ನುತ್ತಿದ್ದೆ. ನನ್ನ ಮದುವೆಯ ದಿನ ಅಕ್ಷತೆ ಹಾಕುವಾಗಲೂ ಕಿವಿಯಲ್ಲಿ ಅದನ್ನೇ ಕೇಳಿದಳು, ಪುಣ್ಯಾತ್ಗಿತ್ತಿ!

ಆಮೇಲೆ ಚಿಗವ್ವನ ಮನೆಯವರು ಕುಷ್ಟಗಿ ಕಡೆ ಹೋದರು. ಒಮ್ಮೆ ಹೋಗಿ ನೋಡಬೇಕು, ನೋಡಬೇಕು ಎನ್ನುತ್ತಲೇ ವರ್ಷಗಳು ಉರುಳಿದವು... ಅವಳ ಗಂಡ ಮೊದಲು ಹೋದ. ಅವಳೂ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಎಷ್ಟೋ ತಿಂಗಳ ಮೇಲೆ. ಮಕ್ಕಳಿರಲಿಲ್ಲ. ಆ ಅಚ್ಚುಗಳು, ಆ ಡಬ್ಬಿ ಯಾರ ಪಾಲಾದವೋ ಗೊತ್ತಿಲ್ಲ.

ಪಂಕ್ಚರ್ ಆದ ಆ ಸಂಜೆಯೇ ಅವ್ವನಿಗೆ ಹೇಳಿಬಿಟ್ಟೆ. ಅವಳು ತನ್ನ ಕಾಲನ್ನೇ ನೋಡುತ್ತ ಕುಳಿತಳು. "ಅಯ್ಯ ನನ ಮಗಳ, ಇಷ್ಟ ವರ್ಷ ಸುಮ್ನ ಎಣ್ಣಿ ತಿಕ್ಕಿದ್ನೇನ ನಾ!" ಎಂದು ನಕ್ಕಳು. ನಗುತ್ತಲೇ ಉಂಗುರ ಮುಟ್ಟಿದಳು. "ಅಂದ್ರ ಇದು ಆಕಿ ಕಾಲ್ಗೆಜ್ಜಿ..." ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಹಳೆಯ ಉಂಗುರ ಈಗ ಸಿಗದಿದ್ದರೂ ನಡೆದೀತು. ಅವಳೊಮ್ಮೆ ಹುಬ್ಬೇರಿಸಿ "ಹೇಳಿದೇನ?" ಅಂತ ಕೇಳಬೇಕಿತ್ತು. "ಹೇಳಿದೆ ಚಿಗವ್ವಾ" ಅನ್ನುತ್ತಿದ್ದೆ.