ರುಚಿ ನೋಡದ ರಘುರಾಮ ಭಟ್ಟರು

ಅಡುಗೆ ಮಾಡುವವನು ರುಚಿ ನೋಡಬಾರದು ಅಂತ ರಘುರಾಮ ಭಟ್ಟರಿಗೆ ಕಲಿಸಿದ್ದು ಕುಂದಾಪುರದ ಕಡೆಯ ಒಂದು ದೇವಸ್ಥಾನದ ಅಡುಗೆಮನೆ. ನೈವೇದ್ಯಕ್ಕೆ ಮೊದಲು ನಾಲಿಗೆಗೆ ತಾಗಿಸಿದರೆ ಅದು ಎಂಜಲು. ಉಪ್ಪು ಸಾಕೋ ಬೇಕೋ, ಬೇಳೆ ಬೆಂದಿತೋ ಇಲ್ಲವೋ, ಎಲ್ಲವನ್ನೂ ಮೂಗೇ ಹೇಳಬೇಕು. ಮೀಸೆ ಮೂಡುವ ಮೊದಲು ಕಲಿತ ಈ ಪಾಠವನ್ನು ಭಟ್ಟರು ಪುಣೆಗೆ ಬಂದ ಮೇಲೂ ಬಿಡಲಿಲ್ಲ. ಹೋಟೆಲಿನ ಸಾಂಬಾರಿಗೆ ಯಾವ ದೇವರ ನೈವೇದ್ಯ ಮಾರಾಯ್ರೆ, ಅಂತ ಜೊತೆಯವರು ನಕ್ಕರು. ಜಪ್ಪಯ್ಯ ಎಂದರೂ ಭಟ್ಟರು ಜಗ್ಗಲಿಲ್ಲ. ಕುದಿಯುವ ಕೊಪ್ಪರಿಗೆಯ ಮೇಲೆ ಬಗ್ಗಿ, ಹಬೆಯನ್ನು ಅಂಗೈಯಿಂದ ಮೂಗಿನ ಕಡೆ ಎಳೆದುಕೊಂಡು "ಆಯ್ತು" ಅನ್ನುವರು. ಅವರು ಆಯ್ತು ಅಂದರೆ ಆಯ್ತು, ಅದರ ಮೇಲೆ ಯಾರೂ ಒಂದು ಹರಳು ಉಪ್ಪು ಹಾಕುವಂತಿರಲಿಲ್ಲ.

ಹಾಗಂತ ಕೆಲಸ ಮುಗಿದ ಮೇಲಾದರೂ ತಿಂದರೇ? ಅದೂ ಇಲ್ಲ. ಊರಿನಿಂದ ತರಿಸಿದ ಕುಚ್ಚಲಕ್ಕಿಯ ಗಂಜಿ, ಒಂದು ಚೂರು ಮಾವಿನ ಮಿಡಿ. ಎರಡು ಹೊತ್ತೂ ಅದೇ. ಸಾವಿರಾರು ಜನರಿಗೆ ಇಡ್ಲಿ ಸಾಂಬಾರ್ ಮಾಡಿಹಾಕಿದ ಈ ಮನುಷ್ಯ ತನ್ನ ಸಾಂಬಾರಿನ ಒಂದು ಹನಿಯನ್ನೂ ನಾಲಿಗೆಗೆ ಇಟ್ಟವನಲ್ಲ ಅಂದರೆ ಯಾರು ನಂಬುತ್ತಾರೆ? ನಿಮ್ಮ ನಾಲಿಗೆ ಗಂಜಿಗೆ ಬಿಟ್ಟರೆ ಬೇರೆ ಎಂತದಕ್ಕೂ ಇಲ್ಲ ಅಂತ ಹೆಂಡತಿ ಪ್ರೇಮಾವತಿ ಊರಿನಲ್ಲಿ ತಮಾಷೆ ಮಾಡುತ್ತಿದ್ದಳು. ಭಟ್ಟರು ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಊರಿಗೆ ಹೋಗುವರು, ಆ ತಮಾಷೆ ಕೇಳಿಸಿಕೊಂಡು ಬರುವರು. ಮಕ್ಕಳಿರಲಿಲ್ಲ.

ಪುಣೆಯ ಅಂಚಿನ ಕೊಂಢವಾದ ಆಚೆ ಬಯಲಿನಲ್ಲಿ ಫುಲಪಾಖರು ಬಾಗ್ ಅಂತ ಮಕ್ಕಳ ಉದ್ಯಾನ ತೆರೆದದ್ದು ಎಪ್ಪತ್ತೆರಡನೇ ಇಸವಿಯಲ್ಲಿ. ಮರಾಠಿಯಲ್ಲಿ ಫುಲಪಾಖರು ಅಂದರೆ ಚಿಟ್ಟೆ. ಅಲ್ಲಿ ಪುಟಾಣಿ ರೈಲಿತ್ತು, ತಿರುಗುವ ತೊಟ್ಟಿಲಿತ್ತು, ದೋಣಿ ಬಿಡುವ ಕೊಳವಿತ್ತು, ಮುಖ ಸೊಟ್ಟಗೆ ಕಾಣಿಸುವ ಕನ್ನಡಿಗಳ ಮನೆಯಿತ್ತು. ಒಳಗಿನ ಕ್ಯಾಂಟೀನಿನ ಗುತ್ತಿಗೆ ಹಿಡಿದವರು ಉಡುಪಿ ಕಡೆಯ ಮೋಹನದಾಸ್. ಅವರು ಭಟ್ಟರನ್ನು ಪುಣೆ ಕ್ಯಾಂಪ್ ಪೇಟೆಯ ಹೋಟೆಲಿನಿಂದ ಎಳೆದು ತಂದರು. ಎಂಟಾಣೆಗೆ ಎರಡು ಇಡ್ಲಿ, ಸಾಂಬಾರ್ ಎಷ್ಟು ಸಲ ಕೇಳಿದರೂ ಪುಕ್ಕಟೆ. ಅಬ್ಬಾ, ಆ ಸಾಂಬಾರ್! ರೈಲು ಹತ್ತುವುದನ್ನು ಬಿಟ್ಟು ಜನ ಮೊದಲು ಕ್ಯಾಂಟೀನಿಗೆ ನುಗ್ಗುತ್ತಿದ್ದರು.

ಹಾಗೆ ನುಗ್ಗಿದವರಲ್ಲಿ ಒಬ್ಬರು ಕೃಷ್ಣಾಜಿ. ದೌಂಡದ ರೈಲ್ವೆಯಲ್ಲಿ ಕೆಲಸ, ಮನೆಮಾತು ಸೊಲ್ಲಾಪುರ ಕಡೆಯ ಕನ್ನಡ. ಸಂಕ್ರಾಂತಿ ಮುಗಿದ ಮೊದಲ ಭಾನುವಾರ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬರುವರು. ಉಂಡು ಎದ್ದು, ಕೈ ತೊಳೆದು, ಸೀದಾ ಹಿಂದಿನ ಅಡುಗೆಮನೆಯ ಕಿಟಕಿಗೆ.

"ಏನ್ರೀ ಭಟ್ರ, ದೌಂಡದಿಂದ ಹೊಟ್ಟಿ ಖಾಲಿ ಇಟಗೊಂಡು ಬಂದಿದ್ದೆ ನೋಡ್ರಿ. ಈಗ ರೈಲಿನಾಗ ನನಗ ಎರಡು ಸೀಟ ಬೇಕ್ರಿ!"

"ಹೇಗಿತ್ತು ಮಾರಾಯ್ರೆ ಈ ಸಲ?" ಅಂತ ಭಟ್ಟರು ಕೇಳುವರು. ಗೊತ್ತಿದ್ದೂ ಕೇಳುವುದು. ಆ ಒಂದು ಹೊಗಳಿಕೆ ಅವರಿಗೆ ಮುಂದಿನ ಸಂಕ್ರಾಂತಿಯ ತನಕ ಸಾಕಾಗುತ್ತಿತ್ತು. ಬೇರೆ ಯಾರೂ ಒಲೆಯ ಹತ್ತಿರ ಬಂದು ಹೇಳುತ್ತಿರಲಿಲ್ಲವಲ್ಲ. ಎಂಬತ್ತರಲ್ಲಿ ಪ್ರೇಮಾವತಿ ತೀರಿಕೊಂಡಳು. ಆಮೇಲೆ ಭಟ್ಟರು ಊರಿಗೂ ಹೋಗಲಿಲ್ಲ. ವರ್ಷದಲ್ಲಿ ಅವರು ಕಾಯುತ್ತಿದ್ದದ್ದು ಕೃಷ್ಣಾಜಿ ಬರುವ ಭಾನುವಾರವೊಂದನ್ನೇ.

ಅಷ್ಟರಲ್ಲಿ ಉದ್ಯಾನದ ಮಾಲೀಕರಿಗೆ ದುರಾಸೆ ಹತ್ತಿತ್ತು. ಪ್ರತಿ ವರ್ಷ ಹರಾಜು, ಯಾರು ಹೆಚ್ಚು ಕೂಗುತ್ತಾರೋ ಅವರಿಗೆ ಕ್ಯಾಂಟೀನು. ಮೋಹನದಾಸರು ಕೂಗಿ ಕೂಗಿ ಉಳಿಸಿಕೊಂಡರು, ಕೂಗಿದ್ದನ್ನೆಲ್ಲ ಇಡ್ಲಿಯ ಮೇಲೆ ಹಾಕಿದರು. ಎಂಟಾಣೆ ಒಂದು ರೂಪಾಯಿಯಾಯಿತು, ಎರಡಾಯಿತು, ಎಂಬತ್ತೈದರ ಹೊತ್ತಿಗೆ ನಾಲ್ಕು. ಹೊರಗೆ ರಸ್ತೆಯ ಮೇಲೆ ಅದೇ ಇಡ್ಲಿ ಒಂದೂವರೆಗೆ ಸಿಗುತ್ತಿತ್ತು. ಆದರೆ ಹೊರಗಿನ ತಿಂಡಿ ಒಳಗೆ ತರುವ ಹಾಗಿಲ್ಲ ಅಂತ ಗೇಟಿನಲ್ಲಿ ಚೀಲ ತಪಾಸಣೆ ಶುರುವಾಗಿತ್ತು. ಮಕ್ಕಳ ಚೀಲದೊಳಗಿನ ಚಕ್ಕುಲಿಯನ್ನೂ ಕಿತ್ತುಕೊಳ್ಳುತ್ತಿದ್ದರು, ಹಾಳಾದವರು.

ಬೆಲೆ ಏರಿತು, ಕೊಪ್ಪರಿಗೆ ಬಡವಾಯಿತು.

"ಭಟ್ರೆ, ಈ ವರ್ಷ ತೆಂಗಿನಕಾಯಿ ಸ್ವಲ್ಪ ಕೈ ಹಿಡಿದು ಹಾಕಿ. ಬರುವ ವರ್ಷ ಸರಿ ಮಾಡುವ" ಅಂದರು ಮೋಹನದಾಸರು. ಬರುವ ವರ್ಷ ಕಾಯಿ ಪೂರ್ತಿ ಹೋಗಿ ಅದರ ಜಾಗಕ್ಕೆ ಹುರಿಗಡಲೆ ಹಿಟ್ಟು ಬಂತು. ತೊಗರಿಬೇಳೆ ಅರ್ಧವಾಯಿತು, ಕುಂಬಳಕಾಯಿ ದುಪ್ಪಟ್ಟಾಯಿತು. ಒಂದಕ್ಕೆ ಮಾತ್ರ ಮೋಹನದಾಸರು ಕೈ ಹಿಡಿಯಲಿಲ್ಲ. "ಇಂಗು ಧಾರಾಳ ಇರಲಿ ಭಟ್ರೆ. ರೈಲಿನಲ್ಲಿ ಕೂತವರ ಮೂಗಿಗೂ ಒಗ್ಗರಣೆ ಬಡಿಯಬೇಕು."

ಭಟ್ಟರಿಗೆ ಸಂಕಟವಾಗಲಿಲ್ಲ ಅಂತಲ್ಲ, ಒಂದೆರಡು ಸಲ ಗೊಣಗಿದರು. ಆದರೆ ಕೊನೆಗೆ ಕೊಪ್ಪರಿಗೆಯ ಮೇಲೆ ಬಗ್ಗಿ ಹಬೆ ಎಳೆದುಕೊಂಡರೆ ಘಮ್ಮೆನ್ನುವ ಇಂಗು, ಕರಿಬೇವು. ಮೂಗು ಎಲ್ಲ ಸರಿಯಿದೆ ಅಂದಿತು. ಕಾಯಿ ಇಲ್ಲದಿದ್ದರೇನು, ನನ್ನ ಕೈಗುಣ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡರು. ಅಯ್ಯೋ, ಗಿರಾಕಿಗಳಿಗೆ ಒಡ್ಡಿದ ಬಲೆಗೆ ಅಡುಗೆಯವರೇ ಮೊದಲು ಬಿದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಸಂಕ್ರಾಂತಿಯ ನಂತರ ಕೃಷ್ಣಾಜಿ ಬಂದು ಕಿಟಕಿಯ ಹತ್ತಿರ ನಿಂತು ಎಂದಿನಂತೆ ಹೊಗಳಿ ಹೋದರು. ಅದರ ಮುಂದಿನ ವರ್ಷವೂ ಹೊಗಳಿದರು. ಇನ್ನೇನು ಬೇಕು?

ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವಳು ಚಂದಮ್ಮ, ಗುಲ್ಬರ್ಗಾ ಕಡೆಯವಳು. ಗಂಡ ಅಂಬಾರಾಯ ಕೊಂಢವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಉಳಿದ ಇಡ್ಲಿ ಸಾಂಬಾರನ್ನು ಡಬ್ಬಿಗೆ ತುಂಬಿಕೊಂಡು ಹೋಗುವುದು ಅವಳ ರೂಢಿ. ಎಂಬತ್ತಾರರ ಚಳಿಗಾಲ ಶುರುವಾಗುವಾಗ ಒಂದು ದಿನ ಭಟ್ಟರು ಗಮನಿಸಿದರು, ಅವಳು ಡಬ್ಬಿ ತರುವುದನ್ನೇ ಬಿಟ್ಟಿದ್ದಾಳೆ. ಉಳಿದದ್ದು ಮೋರಿಗೆ ಹೋಗುತ್ತಿದೆ.

"ಎಂತ ಚಂದಮ್ಮ, ಡಬ್ಬಿ ಎಲ್ಲಿ?"

"ಬ್ಯಾಡ್ರಿ ಭಟ್ರ. ಮನ್ಯಾಗ ರೊಟ್ಟಿ ಮಾಡಿ ಇಟ್ಟೀನ್ರಿ."

"ರೊಟ್ಟಿ ಇರಲಿ. ಮಕ್ಕಳಿಗೆ ಇದೂ ಆಗ್ತದಲ್ಲ?"

ಚಂದಮ್ಮ ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಮಕ್ಕಳು ಒಲ್ಲೆ ಅಂತಾವ್ರಿ" ಅಂದಳು. ಭಟ್ಟರು ಅಲ್ಲೇ ನಿಂತಿದ್ದಾರೆ ಅಂತ ತಿಳಿದು ತಲೆ ಎತ್ತದೆ ಹೇಳಿದಳು. "ಸಿಟ್ಟಾಗಬ್ಯಾಡ್ರಿ. ಹಸದರೂ ಉಣ್ಣವಲ್ಲವು. ಅವ್ವಾ, ಇದರಾಗ ಬರೇ ನೀರು, ವಾಸನಿ ಅಷ್ಟ ಅದ ಅಂತಾವ."

ಭಟ್ಟರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನಾಲ್ಕು ರೂಪಾಯಿ ಕೊಟ್ಟವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಪುಕ್ಕಟೆ ಕೊಟ್ಟರೂ, ಹಸಿದ ಮಕ್ಕಳೂ ಬೇಡ ಅನ್ನುವ ಸಾಂಬಾರು! ಒಳಗೆ ಹೋದರು. ಕೊಪ್ಪರಿಗೆಯ ತಳದಲ್ಲಿ ಇನ್ನಷ್ಟು ಉಳಿದಿತ್ತು. ಸೌಟಿನಿಂದ ಅಂಗೈಗೆ ಸುರಿದುಕೊಂಡರು. ಕಣ್ಣು ಮುಚ್ಚಿ ತೀರ್ಥ ಕುಡಿಯುವ ಹಾಗೆ ಕುಡಿದರು.

ಸಪ್ಪೆ. ಹುಣಿಸೆಹುಳಿಯ ನೀರು, ಹಿಟ್ಟಿನ ಜಿಗುಟು, ಗಂಟಲಿಗೆ ಇಳಿಯುವಾಗ ಇಂಗಿನ ಕಹಿ. ಅಷ್ಟೇ. ಬೇಳೆಯ ಸುಳಿವೇ ಇಲ್ಲ. ಜೀವಮಾನದಲ್ಲಿ ಮೊದಲ ಸಲ ತನ್ನ ಸಾಂಬಾರಿನ ರುಚಿ ನೋಡಿದ ಭಟ್ಟರು ಅದನ್ನು ಉಗುಳಲೂ ಆಗದೆ ನುಂಗಿದರು.

ಗಲ್ಲಾದಲ್ಲಿ ಕೂತಿದ್ದ ಮೋಹನದಾಸರ ಮುಂದೆ ಹೋಗಿ ನಿಂತರು. "ನೀವು ಇದನ್ನು ತಿಂದು ನೋಡಿದ್ದೀರಾ?"

"ನನಗೆ ಮನೆಯಿಂದ ಬುತ್ತಿ ಬರ್ತದಲ್ಲ ಭಟ್ರೆ. ನಿಮಗೆ ಗೊತ್ತಿಲ್ವಾ?"

"ಮತ್ತೆ ಜನ ಯಾಕೆ ಸುಮ್ಮನಿದ್ದಾರೆ?"

"ಯಾರು ಸುಮ್ಮನಿದ್ದಾರೆ? ದಿನಾ ಈ ಗಲ್ಲಾದಲ್ಲಿ ನನಗೆ ಮಂಗಳಾರತಿ ಆಗ್ತದೆ. ನಿಮ್ಮ ತನಕ ಬರಲಿಕ್ಕೆ ನಾನು ಬಿಡುವುದಿಲ್ಲ, ಅಷ್ಟೆ." ಮೋಹನದಾಸರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅವರು ಬರುವುದು ರೈಲಿಗೆ ಭಟ್ರೆ, ನಮ್ಮ ಇಡ್ಲಿಗಲ್ಲ. ಗೇಟಿನ ಒಳಗೆ ಬಂದ ಮೇಲೆ ಹಸಿದರೆ ಎಲ್ಲಿಗೆ ಹೋಗ್ತಾರೆ? ಮಾಲೀಕರಿಗೆ ದುಡ್ಡು ತುಂಬಿ ನನಗೂ ಉಳಿಯುವುದು ಅಷ್ಟಕ್ಕಷ್ಟೆ. ನಿಮಗೆ ಬೇಜಾರಾದರೆ ಊರಿಗೆ ಹೋಗಿ ಆರಾಮ ಇರಿ. ನಾನು ಬೇಡ ಅನ್ನುವುದಿಲ್ಲ."

ಹೋಗಬಹುದಿತ್ತು. ಆದರೆ ಭಟ್ಟರಿಗೆ ಆಗ ನೆನಪಾದದ್ದು ಕೃಷ್ಣಾಜಿ. ಎಷ್ಟು ವರ್ಷದಿಂದ ಆ ಮನುಷ್ಯ ಈ ಕೊಳಚೆಯನ್ನು ತಿಂದು ಹೊಗಳುತ್ತಿದ್ದಾನೆ? ಅವನಿಗೂ ರುಚಿ ತಿಳಿಯಲಿಲ್ಲವೋ, ಅಥವಾ ತನ್ನ ಮೇಲಿನ ಕನಿಕರವೋ? ಕನಿಕರ ಅನ್ನುವ ಮಾತು ಮನಸ್ಸಿಗೆ ಬಂದದ್ದೇ ತಡ, ಭಟ್ಟರು ರಾತ್ರಿಯ ಗಂಜಿಯನ್ನು ಪಕ್ಕಕ್ಕೆ ಸರಿಸಿದರು. ಇಲ್ಲ, ಇನ್ನೊಮ್ಮೆ ಅವನು ಬರಲಿ. ಒಂದೇ ಒಂದು ಸಲ ಸರಿಯಾದ ಸಾಂಬಾರು ಅವನ ಹೊಟ್ಟೆಗೆ ಹೋಗಲಿ. ಹೇಗಿತ್ತು ಅಂತ ಕೇಳಿ, ಅವನ ಮುಖ ನೋಡಿ, ಆಮೇಲೆ ಸೌಟು ಕೆಳಗಿಡುತ್ತೇನೆ ಅಂತ ತೀರ್ಮಾನಿಸಿದರು.

ಸಂಕ್ರಾಂತಿ ಕಳೆದ ಭಾನುವಾರ ಬೆಳಿಗ್ಗೆ ಮಂಡಿಯಿಂದ ತಾವೇ ತೆಂಗಿನಕಾಯಿ ಆರಿಸಿ ತಂದರು. ತೊಗರಿಬೇಳೆ, ಕೊತ್ತಂಬರಿ, ಬ್ಯಾಡಗಿ ಮೆಣಸು ಎಲ್ಲ ತಂದರು. ಹುರಿದರು, ಕಾಯಿ ತುರಿದು ಕಲ್ಲಿನಲ್ಲಿ ರುಬ್ಬಿದರು. ಕ್ಯಾಂಟೀನಿನ ಕೊಪ್ಪರಿಗೆ ಒಂದು ಕಡೆ ಕುದಿಯುತ್ತಿತ್ತು, ಇನ್ನೊಂದು ಒಲೆಯ ಮೇಲೆ ಈ ಸಣ್ಣ ಪಾತ್ರೆ. ಒಗ್ಗರಣೆ ಹಾಕಿ ಎಂದಿನಂತೆ ಬಗ್ಗಿದರು. ಮೂಗು ಆಯ್ತು ಅಂದಿತು. ಆದರೆ ಈಗ ಮೂಗನ್ನು ನಂಬುವುದು ಹೇಗೆ? ನಾಲಿಗೆಯನ್ನಾದರೂ ನಂಬೋಣವೆಂದರೆ ಅದಕ್ಕೆ ಗೊತ್ತಿರುವುದು ಗಂಜಿ ಒಂದೇ.

"ಚಂದಮ್ಮ, ಇಲ್ಲಿ ಬಾ. ಉಪ್ಪು ನೋಡು."

ಚಂದಮ್ಮ ಗಾಬರಿಯಾದಳು. "ನಾ ಎಂಜಲಾ ಮಾಡ್ಲೇನ್ರಿ? ಯಾರಾರ ನೋಡಿದ್ರ..."

"ನೋಡಲಿ. ಹಿಡಿ ಕೈ."

ಅಂಗೈಗೆ ಬಿದ್ದ ಸಾಂಬಾರನ್ನು ಅವಳು ನೆಕ್ಕಿದಳು. ಅವಳು ಸೆರಗಿಗೆ ಕೈ ಒರೆಸಿಕೊಂಡು, "ಭಟ್ರ, ಸಂಜೀಕ ಉಳದ್ರ ಒಂದ ಡಬ್ಬಿ ನನಗ ಕೊಡ್ತೀರೇನ್ರಿ?" ಅಂದಳು. ಭಟ್ಟರು ತಲೆಯಾಡಿಸಿದರು.

ಮಧ್ಯಾಹ್ನ ಕಿಟಕಿಯ ಹತ್ತಿರ ಯಾರೋ ನಿಂತರು. ಕೃಷ್ಣಾಜಿಯಲ್ಲ, ಅವರ ಮಗ ಶ್ಯಾಮ. ಅವನ ಕೈ ಹಿಡಿದುಕೊಂಡು ಮಗಳು, ಏಳೆಂಟು ವರ್ಷದವಳು.

"ಅಪ್ಪಾರು ಶ್ರಾವಣದಾಗ ಹ್ವಾದ್ರರಿ, ಭಟ್ರ" ಅಂದ ಶ್ಯಾಮ. "ಎದಿ ನೋವು ಅಂದ್ರು, ಅಷ್ಟ. ಈ ಹುಡುಗಿ ರೈಲ ಬೇಕು ಅಂತ ಹಟಾ ಹಿಡೀತು. ಬಾಗಿಗೆ ಹ್ವಾದ್ರ ಭಟ್ರಿಗೆ ಭೆಟ್ಟಿ ಆಗದ ಬರಬ್ಯಾಡ ಅಂತಿದ್ರು ಅಪ್ಪಾರು."

ಭಟ್ಟರು ಕಿಟಕಿಯ ಸರಳು ಹಿಡಿದುಕೊಂಡರು. "ಕೂತುಕೊಳ್ಳಿ, ನಾನೇ ಬಡಿಸ್ತೇನೆ" ಅಂದರು.

"ಗೇಟಿನ ಹೊರಗ ರೊಟ್ಟಿ ಉಂಡೇ ಬಂದೀವ್ರಿ" ಅಂದ ಶ್ಯಾಮ, ಸಂಕೋಚದಿಂದ. ಭಟ್ಟರು ಕೇಳಲಿಲ್ಲ. ಅಷ್ಟು ವರ್ಷ ಯಾರಿಗೂ ಬಡಿಸಲು ಹೊರಗೆ ಬಾರದವರು ಆ ದಿನ ತಾವೇ ತಟ್ಟೆ ಹಿಡಿದುಕೊಂಡು ಮೇಜಿನ ಹತ್ತಿರ ಬಂದರು. ಎರಡು ಇಡ್ಲಿ, ಮೇಲೆ ಮುಳುಗುವಷ್ಟು ಸಾಂಬಾರು. ಅಜ್ಜ ಹೋದರೇನು, ಮೊಮ್ಮಗಳಾದರೂ ತಿನ್ನಲಿ. ಆ ಮನೆಯ ಒಂದು ನಾಲಿಗೆಗಾದರೂ ತನ್ನ ಕೈಯ ರುಚಿ ತಲುಪಲಿ.

ತಟ್ಟೆ ಮುಂದೆ ಇಟ್ಟದ್ದೇ ತಡ, ಹುಡುಗಿ ಭಟ್ಟರ ಮುಖ ನೋಡಿ ನಕ್ಕಿತು. "ಭಾಳ ರುಚಿ ಆಗೇದ್ರಿ, ಅಜ್ಜಾರ" ಅಂದಿತು. ಚಮಚ ಇನ್ನೂ ಮುಟ್ಟಿರಲಿಲ್ಲ.

"ನೀನು ಇನ್ನೂ ತಿಂದೇ ಇಲ್ಲವಲ್ಲ ಮಗಾ" ಅಂದರು ಭಟ್ಟರು.

"ನಮ್ಮಜ್ಜಾ ಹೇಳ್ಯಾರ್ರಿ. ಹೆಂಗ ಇದ್ರೂ ರುಚಿ ಆಗೇದ ಅನಬೇಕು, ಇಲ್ಲಂದ್ರ ಭಟ್ರಿಗೆ ಕೆಟ್ಟ ಅನಸ್ತದ ಅಂತ."

"ಏ, ಸುಮ್ಮನಿರs!" ಅಂತ ಶ್ಯಾಮ ಮಗಳ ತೋಳು ಹಿಡಿದು ಅಲುಗಿಸಿದ. ಅವನ ಮುಖ ಕೆಂಪಾಗಿತ್ತು. ಹುಡುಗಿಗೆ ತಾನು ಮಾಡಿದ ತಪ್ಪು ಏನು ಅಂತ ತಿಳಿಯದೆ ಕಣ್ಣು ತುಂಬಿಕೊಂಡಿತು.

"ಬಿಡಿ, ಮಗುವಿಗೆ ಬೈಬೇಡಿ" ಅಂದರು ಭಟ್ಟರು. ಹುಡುಗಿಯ ತಲೆ ಸವರಿದರು. ಒಳಗೆ ಹೋಗಿ ಒಲೆಯ ಮುಂದೆ ಕೂತರು. ಆಮೇಲೆ ಅವರು ಅತ್ತದ್ದು ಹೊರಗಿನ ಮೇಜುಗಳಿಗೂ ಕೇಳಿಸಿತು. ಶ್ಯಾಮ ಮಗಳ ತಟ್ಟೆಯ ಸಾಂಬಾರನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡ, ಕಿಟಕಿಯ ಹತ್ತಿರ ಬಂದು, ನಿಜವಾಗಿಯೂ ಛಲೋ ಆಗೇದ್ರಿ ಭಟ್ರ, ದೇವರಾಣಿ, ಅಂತ ಎರಡು ಮೂರು ಸಲ ಹೇಳಿದ. ಭಟ್ಟರು ತಿರುಗಿ ನೋಡಲಿಲ್ಲ. ಆ ಮನೆಯವರ ಬಾಯಿಂದ ಆ ಮಾತು ನಂಬುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ.